ಮೊದಲ 90 ದಿನ ಮತ್ತು ಸೂಪರ್‌ವೈಸರ್: ಕೆಲಸಗಾರರು ಬಿಟ್ಟುಹೋಗದಂತೆ ಮೇಲ್ವಿಚಾರಕರನ್ನು ತಯಾರು ಮಾಡುವ ಬಗೆ

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕಡೆಯ ಕಾರ್ಖಾನೆಗಳ ಗೇಟಿಗೆ ತೂಗುಹಾಕಿದ ‘ಹೆಲ್ಪರ್, ಟರ್ನರ್ ಬೇಕಾಗಿದ್ದಾರೆ’ ಬೋರ್ಡುಗಳಲ್ಲಿ ಕೆಲವು ಕೆಳಗಿಳಿಯುವುದೇ ಇಲ್ಲ. ಕೇಳಿದರೆ ‘ಈಗಿನ ಹುಡುಗರಿಗೆ ಕೆಲಸಾನ ಬ್ಯಾಡಾಗೇತ್ರಿ’ ಎಂಬ ಉತ್ತರ ಸಿದ್ಧವಿರುತ್ತದೆ. ಅಂಥ ಕಡೆ ಹಾಜರಿ ಪುಸ್ತಕ ಬಿಡಿಸಿ ಒಂದೊಂದೇ ಲೈನಿನ ಹೆಸರುಗಳನ್ನು ನೋಡಿ. ಒಬ್ಬ ಸೂಪರ್‌ವೈಸರ್ ಕೈಕೆಳಗಿನವರು ನಾಲ್ಕು ವರ್ಷದಿಂದ ಅಲ್ಲೇ ಇರುತ್ತಾರೆ, ಪಕ್ಕದವನ ಕೈಕೆಳಗೆ ಮೂರು ತಿಂಗಳು ದಾಟಿದವರೇ ವಿರಳ. ಇಬ್ಬರ ಲೈನಿಗೂ ಪಗಾರ ಒಂದೇ, ಕ್ಯಾಂಟೀನ್ ಒಂದೇ, ಬಸ್ ಸ್ಟಾಪೂ ಒಂದೇ.

ಈ ಮಾರ್ಗದರ್ಶಿ 50ರಿಂದ 300 ಜನರಿರುವ ಘಟಕಗಳಿಗೆ: ವಾಲ್ವ್ ಕಾರ್ಖಾನೆ, ಫೌಂಡ್ರಿ, ಮಷೀನ್ ಶಾಪ್, ಗದಗಿನ ಪ್ರಿಂಟಿಂಗ್ ಪ್ರೆಸ್, ಜಿನ್ನಿಂಗ್ ಮಿಲ್, ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕ, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್. ಒಂದು ಮಾತು ಮೊದಲೇ ಹೇಳಿಬಿಡಬೇಕು. ಪಕ್ಕದ ಶೆಡ್ಡಿಗಿಂತ ನಿಮ್ಮ ಪಗಾರ ತಿಂಗಳಿಗೆ ಎರಡು ಸಾವಿರ ಕಡಿಮೆಯಿದ್ದರೆ, ಬಟವಡೆ ಪ್ರತಿ ತಿಂಗಳೂ ತಡವಾಗುತ್ತಿದ್ದರೆ, ಪಿಎಫ್ ಕಡಿದುಕೊಂಡು ಕಟ್ಟದೇ ಇದ್ದರೆ, ಓವರ್‌ಟೈಮಿಗೆ ಕಾನೂನಿನಂತೆ ದುಪ್ಪಟ್ಟು ದರ ಕೊಡದಿದ್ದರೆ, ಸೂಪರ್‌ವೈಸರ್ ತರಬೇತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೊದಲು ಅದನ್ನು ಸರಿಮಾಡಿ. ಸಿಹಿಯಾಗಿ ಮಾತಾಡುವ ಸೂಪರ್‌ವೈಸರ್ ಬಾಕಿ ಪಗಾರಕ್ಕೆ ಬದಲಿಯಾಗುವುದಿಲ್ಲ. ತರಬೇತಿ ಪಡೆದವನಿಗೆ ತನ್ನ ಕಂಪನಿಯ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಹೆಜ್ಜೆ 1: ಎಣಿಸಿ, ಸೂಪರ್‌ವೈಸರ್ ಹೆಸರಿನ ಮುಂದೆ ಬರೆಯಿರಿ

ಹಿಂದಿನ 12 ತಿಂಗಳ ಹಾಜರಿ ಪುಸ್ತಕ ತೆಗೆದುಕೊಳ್ಳಿ. ಬಿಟ್ಟವರ ಪಟ್ಟಿಯಲ್ಲಿ ಪ್ರತಿಯೊಬ್ಬರ ಮುಂದೆ ನಾಲ್ಕು ಸಂಗತಿ ಇರಲಿ: ಸೇರಿದ ದಿನ, ಕೊನೆಯ ಹಾಜರಿಯ ದಿನ, ಯಾವ ಸೂಪರ್‌ವೈಸರ್, ಪಗಾರ ಪಟ್ಟಿ ಕಂಪನಿಯದೋ ಗುತ್ತಿಗೆದಾರನದೋ. ಆಮೇಲೆ ಅವರನ್ನು ನಾಲ್ಕು ಗುಂಪು ಮಾಡಿ: 30 ದಿನದೊಳಗೆ ಬಿಟ್ಟವರು, 31ರಿಂದ 90, 91ರಿಂದ 365, ವರ್ಷ ದಾಟಿದವರು. ವರ್ಷದ ಒಟ್ಟು ಶೇಕಡಾವಾರು ಮಾತ್ರ ನೋಡುವುದು ದೊಡ್ಡ ತಪ್ಪು. 100 ಜನರ ಘಟಕದಲ್ಲಿ ವರ್ಷಕ್ಕೆ 40 ಜನ ಬಿಟ್ಟರು ಎಂದರೆ 40 ಕುರ್ಚಿ ಒಂದೊಂದು ಸಲ ಖಾಲಿಯಾಗಿರಬಹುದು, ಇಲ್ಲವೇ 10 ಕುರ್ಚಿ ನಾಲ್ಕು ನಾಲ್ಕು ಸಲ ಖಾಲಿಯಾಗಿರಬಹುದು. ಎರಡಕ್ಕೂ ಔಷಧ ಬೇರೆ. ಅದೇ ನಾಲ್ಕೈದು ಕುರ್ಚಿ ಮತ್ತೆ ಮತ್ತೆ ಖಾಲಿಯಾಗುತ್ತಿದ್ದರೆ ಆ ಕುರ್ಚಿಯ ಹತ್ತಿರ ಹೋಗಿ ನಿಲ್ಲಿ. ಅಲ್ಲಿ ಸೂಪರ್‌ವೈಸರ್ ಕಾರಣವಾಗಿರಬಹುದು, ಗ್ರೈಂಡಿಂಗ್ ಧೂಳೂ ಆಗಿರಬಹುದು.

30 ದಿನದೊಳಗೆ ಹೋದವರು ಹೆಚ್ಚಿದ್ದರೆ ಕಲಿಸುವುದರಲ್ಲಿ ಲೋಪ, ಇಲ್ಲವೇ ಭರ್ತಿ ಮಾಡುವಾಗ ಸುಳ್ಳು ಹೇಳಿದ್ದಾರೆ. 31ರಿಂದ 90ರ ಗುಂಪು ದೊಡ್ಡದಿದ್ದರೆ ಬಹುಪಾಲು ಮಾತು, ಸೂಟಿ, ಪಾಳಿಯ ಜಗಳ. ವರ್ಷ ದಾಟಿದವರು ಬಿಡುತ್ತಿದ್ದರೆ ಪಗಾರ ಏರಿಕೆ ಮತ್ತು ಬಡ್ತಿಯ ಪ್ರಶ್ನೆ, ಅದು ಸೂಪರ್‌ವೈಸರ್ ಕೈಯಲ್ಲಿಲ್ಲ.

ಎಚ್ಚರಿಕೆ: 12 ಜನರ ಲೈನಿನಲ್ಲಿ ಒಂದು ತಿಂಗಳು ಇಬ್ಬರು ಬಿಟ್ಟರೆಂದು ಸೂಪರ್‌ವೈಸರ್‌ನನ್ನು ಹಿಡಿದು ಕೇಳಬೇಡಿ. ಕನಿಷ್ಠ ಆರು ತಿಂಗಳ ಲೆಕ್ಕ ಕೈಯಲ್ಲಿರಲಿ.

ಈಗ ಒಬ್ಬ ಹೋದರೆ ಎಷ್ಟು ಹಾನಿ ಎಂದು ನಿಮ್ಮದೇ ಅಂಕಿ ಹಾಕಿ. ಮಾದರಿಗೆ ಪಗಾರ ತಿಂಗಳಿಗೆ 15,000 ರೂಪಾಯಿ ಎಂದು ಹಿಡಿಯೋಣ. ಹೊಸಬ ಮೊದಲ ತಿಂಗಳು ಅರ್ಧ ಕೆಲಸ ಮಾಡಿದರೆ 7,500 ಹೋಯಿತು, ಎರಡನೇ ತಿಂಗಳು ಮುಕ್ಕಾಲು ಮಾಡಿದರೆ 3,750. ಕಲಿಸುವ ಹಿರಿಯನ ದಿನಕ್ಕೆ 2 ತಾಸು, 15 ದಿನ, ತಾಸಿಗೆ 120ರಂತೆ 3,600. ಕೆಟ್ಟ ಮಾಲು 3,000. ಯೂನಿಫಾರ್ಮ್, ಸೇಫ್ಟಿ ಶೂ, ಮೆಡಿಕಲ್ 2,000. ಖಾಲಿ ಜಾಗವನ್ನು 10 ದಿನ ಓವರ್‌ಟೈಮಿನಲ್ಲಿ ತುಂಬಿಸಿದ್ದಕ್ಕೆ ದಿನಕ್ಕೆ ಹೆಚ್ಚುವರಿ 577ರಂತೆ 5,770. ಒಟ್ಟು 25,620 ರೂಪಾಯಿ, ಅಂದರೆ ಒಂದೂಮುಕ್ಕಾಲು ತಿಂಗಳ ಪಗಾರಕ್ಕೆ ಸ್ವಲ್ಪ ಕಡಿಮೆ. ವರ್ಷಕ್ಕೆ 20 ಜನ ಹೋದರೆ ಐದು ಲಕ್ಷ ದಾಟಿತು. ಅಕೌಂಟ್ಸ್‌ನವರ ಪುಸ್ತಕದಲ್ಲಿ ಈ ಖರ್ಚಿಗೆ ತಲೆಬರಹವೇ ಇರುವುದಿಲ್ಲ. ಮಾಲೀಕರ ಕಣ್ಣಿಗೆ ಅದು ಬೀಳದಿರುವುದು ಅದಕ್ಕೇ.

ಹೆಜ್ಜೆ 2: ಬಿಟ್ಟವರನ್ನು ಕೇಳಿ, ಆದರೆ ಬಿಡುವ ದಿನ ಕೇಳಬೇಡಿ

ಬಿಡುವ ದಿನ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಮನಿ ಕಡೆ ಸ್ವಲ್ಪ ತ್ರಾಸ ಐತ್ರಿ ಸರ.’ ಬಾಕಿ ಪಗಾರ ಇನ್ನೂ ಕೈಗೆ ಬಂದಿಲ್ಲ, ಯಾಕೆ ಕೆಡಿಸಿಕೊಳ್ಳಬೇಕು ಎಂಬ ಲೆಕ್ಕ ಅದು. ಪೂರ್ತಿ ಹಣ ಸಂದಾಯವಾಗಿ ಮೂರು-ನಾಲ್ಕು ವಾರದ ನಂತರ, ಆ ಲೈನಿಗೆ ಸಂಬಂಧವಿಲ್ಲದವರೊಬ್ಬರು ಸಂಜೆ ಏಳರ ಮೇಲೆ ಫೋನ್ ಮಾಡಲಿ. ಹೆಣ್ಣುಮಕ್ಕಳಿಗೆ ಹೆಣ್ಣುಮಗಳೇ ಮಾಡಬೇಕು. ‘ಯಾಕ ಬಿಟ್ರಿ?’ ಎಂಬ ಪ್ರಶ್ನೆ ಬೇಡ, ಅದು ತಪ್ಪು ಹೊರಿಸಿದಂತೆ ಕೇಳುತ್ತದೆ. ‘ಬಿಡಬೇಕು ಅಂತ ಮೊದಲ ಸಲ ಯಾವಾಗ ಅನಿಸ್ತರಿ? ಅವತ್ತ ಏನಾಗಿತ್ತು?’ ಎಂದು ಕೇಳಿ. ಈ ಪ್ರಶ್ನೆಗೆ ಜನ ಒಂದು ದಿನದ ಕಥೆ ಹೇಳುತ್ತಾರೆ: ಎಲ್ಲರ ಮುಂದೆ ಬೈದದ್ದು, ಪಂಚಮಿಗೆ ಸೂಟಿ ಕೊಡದೇ ಇದ್ದದ್ದು, ಮೂರು ದಿನವಾದರೂ ಯಾರೂ ಕೆಲಸ ತೋರಿಸದೆ ಮೂಲೆಯಲ್ಲಿ ನಿಲ್ಲಿಸಿದ್ದು. ಆ ದಿನವೇ ನಿಮಗೆ ಬೇಕಾದ ಮಾಹಿತಿ. 10-12 ಫೋನಿನಲ್ಲಿ ಇದೇ ಕಥೆಗಳು ತಿರುಗಿ ತಿರುಗಿ ಬರತೊಡಗುತ್ತವೆ. ಅಲ್ಲಿಗೆ ನಿಲ್ಲಿಸಿ.

ಹೆಜ್ಜೆ 3: ಯಾರನ್ನು ಸೂಪರ್‌ವೈಸರ್ ಮಾಡುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ

ಒಳ್ಳೆಯ ಟರ್ನರ್ ಒಬ್ಬನಿಗೆ ಹತ್ತು ವರ್ಷವಾಯಿತೆಂದು ಸೂಪರ್‌ವೈಸರ್ ಮಾಡುವುದು ನಮ್ಮ ಕಡೆಯ ರೂಢಿ. ಅದರಿಂದ ಒಂದೇ ದಿನ ಎರಡು ನಷ್ಟ: ಒಳ್ಳೆಯ ಟರ್ನರ್ ಹೋದ, ಅರೆಬರೆ ಸೂಪರ್‌ವೈಸರ್ ಬಂದ. ಸ್ವತಃ ಕೈ ನುರಿತವನಿಗೆ ಹೊಸಬನ ತಡವರಿಕೆ ಸೋಮಾರಿತನದಂತೆ ಕಾಣುತ್ತದೆ. ತನಗೆ ಕೈಯಲ್ಲೇ ಗೊತ್ತಿರುವುದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ.

ನೇಮಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಸಾಕು. ಮೂವರು ಅಭ್ಯರ್ಥಿಗಳಿಗೂ ಒಬ್ಬೊಬ್ಬ ಹೊಸ ಹುಡುಗನನ್ನು ಕೊಟ್ಟು, ಎರಡು ದಿನದಲ್ಲಿ ಒಂದು ಕೆಲಸ ಕಲಿಸಲು ಹೇಳಿ. ಮೂರನೇ ದಿನ ಹುಡುಗರನ್ನು ಮಾತ್ರ ಪರೀಕ್ಷಿಸಿ. ಆಯ್ಕೆಯಾದವನಿಗೆ 12ರಿಂದ 15 ಜನಕ್ಕಿಂತ ಹೆಚ್ಚು ಕೊಡಬೇಡಿ. 30 ಜನರ ಲೈನ್ ನೋಡುವವ ಯಾರ ಹೆಸರನ್ನೂ ನೆನಪಿಡಲಾರ, ಅವನಿಗೆ ಏನು ಕಲಿಸಿದರೂ ದಂಡ.

ಹೆಜ್ಜೆ 4: ಆರು ವಾರ, ವಾರಕ್ಕೆ ಎರಡು ತಾಸು, ಡ್ಯೂಟಿ ಹೊತ್ತಿನಲ್ಲೇ

ಹೋಟೆಲ್ ಹಾಲಿನಲ್ಲಿ ಒಂದು ದಿನದ ಭಾಷಣ, ಊಟ, ಸರ್ಟಿಫಿಕೇಟು. ಇದರಿಂದ ಆಗುವುದು ಊಟ ಮಾತ್ರ. ಕೆಲಸಕ್ಕೆ ಬರುವ ಮಾದರಿ ಹಳೆಯದು: ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕ ತನ್ನ ಕಾರ್ಖಾನೆಗಳ ಮೇಸ್ತ್ರಿಗಳಿಗಾಗಿ ನಡೆಸಿದ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’, ಟಿಡಬ್ಲ್ಯುಐ. ಎರಡೆರಡು ತಾಸಿನ ಐದು ಕೂಟ, ಹತ್ತು ಜನರ ಗುಂಪು, ಪ್ರತಿಯೊಬ್ಬನೂ ತನ್ನದೇ ಕೆಲಸವನ್ನು ತಂದು ಎಲ್ಲರೆದುರು ಕಲಿಸಿ ತೋರಿಸಬೇಕು. ಯುದ್ಧದ ನಂತರ ಅದು ಜಪಾನಿನಲ್ಲಿ ಬೇರೂರಿತು. ಇವತ್ತು ಟೊಯೋಟಾದ ಪದ್ಧತಿ ಎಂದು ಹೇಳಿಕೊಡುವುದರಲ್ಲಿ ಒಂದು ಪಾಲು ಅದೇ. ಅದರಲ್ಲಿ ನಮಗೆ ಬೇಕಾದವು ಎರಡು: ಕೆಲಸ ಕಲಿಸುವುದು, ಜನರೊಡನೆ ನಡೆದುಕೊಳ್ಳುವುದು. ಮೊದಲ ಮೂರು ವಾರ ಕಲಿಸುವುದಕ್ಕೆ, ಮುಂದಿನ ಎರಡು ವಾರ ನಡೆದುಕೊಳ್ಳುವುದಕ್ಕೆ, ಆರನೆಯದು ಸೂಟಿ ಮತ್ತು ಕಾನೂನಿಗೆ ಇಡಿ.

ತಾಸು ಆರಿಸುವಾಗ ಪಾಳಿ ಬದಲಾಗುವ ಹೊತ್ತು ಬೇಡ. ಬೆಳಿಗ್ಗೆ 10ರಿಂದ 12 ಒಳ್ಳೆಯದು. ಅಷ್ಟು ಹೊತ್ತು ಲೈನ್ ಯಾರು ನೋಡಬೇಕೆಂದು ಮೊದಲೇ ಗೊತ್ತು ಮಾಡದಿದ್ದರೆ ಎರಡನೇ ವಾರಕ್ಕೇ ಅರ್ಧ ಜನ ಬರುವುದಿಲ್ಲ. ಭಾಷೆ ಹುಬ್ಬಳ್ಳಿ-ಧಾರವಾಡದ ಮಾತೇ ಆಗಿರಲಿ. ಹೊರಗಿನಿಂದ ಬಂದವರು ಇಂಗ್ಲಿಷ್ ಸ್ಲೈಡ್ ಹಾಕಿದ ಕೂಡಲೇ ಮೇಸ್ತ್ರಿಗಳು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಕೆಲಸ ಕಲಿಸುವ ನಾಲ್ಕು ಮೆಟ್ಟಿಲು ಹೀಗೆ: ಕಲಿಯುವವನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಬಿಟ್ಟು ನೋಡು. ಹೇಳಲು ಸುಲಭ, ಎಡವುವುದು ಎರಡನೆಯದರಲ್ಲಿ. ಅದಕ್ಕೆ ಮೊದಲೇ ಒಂದು ಹಾಳೆಯ ಮೇಲೆ ಮೂರು ಅಂಕಣ ಬರೆಯಬೇಕು: ಏನು ಮಾಡಬೇಕು, ಹೇಗೆ ಮಾಡಬೇಕು, ಹಾಗೇ ಯಾಕೆ. ವಾಲ್ವಿನ ನೀರಿನ ಟೆಸ್ಟನ್ನೇ ತೆಗೆದುಕೊಳ್ಳಿ. ‘ವಾಲ್ವ್ ಕಟ್ಟು, ನೀರು ತುಂಬು, ಪ್ರೆಶರ್ ಕೊಡು, ಲೀಕ್ ನೋಡು’ ಎಂದು ಹೇಳಿ ಹೋಗುವವರೇ ಹೆಚ್ಚು. ಹಾಳೆಯ ಮೇಲೆ ಅದು ಹೀಗೆ ಬಿಡಿಸಿಕೊಳ್ಳುತ್ತದೆ.

ವಾಲ್ವನ್ನು ಟೆಸ್ಟ್ ಬೆಂಚಿಗೆ ಬಿಗಿ. ಹೇಗೆ: ಗ್ಯಾಸ್ಕೆಟ್ ಮುಖ ಒರೆಸಿ, ಬೋಲ್ಟುಗಳನ್ನು ಎದುರುಬದುರಾಗಿ. ಯಾಕೆ: ಒಂದೇ ಕಡೆಯಿಂದ ಬಿಗಿದರೆ ಗ್ಯಾಸ್ಕೆಟ್ ಓರೆಯಾಗಿ ಅಲ್ಲೇ ಸೋರುತ್ತದೆ, ವಾಲ್ವ್ ಕೆಟ್ಟಿದೆ ಎಂದು ವೃಥಾ ಬಿಚ್ಚುತ್ತೀರಿ. ನೀರು ತುಂಬು. ಹೇಗೆ: ವಾಲ್ವಿನ ಒಳಗಿನ ಗೇಟ್ ಅರ್ಧ ತೆರೆದು, ಮೇಲಿನ ವೆಂಟ್‌ನಿಂದ ಗುಳ್ಳೆ ನಿಂತು ಬರೀ ನೀರು ಬರುವವರೆಗೆ. ಯಾಕೆ: ಒಳಗೆ ಗಾಳಿ ಉಳಿದರೆ ಅದು ಪ್ರೆಶರಿನಲ್ಲಿ ಸ್ಪ್ರಿಂಗಿನಂತೆ ಅಮುಕಿಕೊಂಡಿರುತ್ತದೆ, ಏನಾದರೂ ಸೀಳಿದರೆ ತುಂಡು ಸಿಡಿಯುತ್ತದೆ. ನೀರು ಅಷ್ಟು ಅಮುಕಿಕೊಳ್ಳುವುದಿಲ್ಲ. ಪ್ರೆಶರ್ ಏರಿಸು. ಹೇಗೆ: ನಿಧಾನವಾಗಿ, ಬೆಂಚಿನ ಪಕ್ಕದಲ್ಲಿ ನಿಂತು. 150 ಕ್ಲಾಸಿನ ಕಾರ್ಬನ್ ಸ್ಟೀಲ್ ವಾಲ್ವಿಗೆ ಬಾಡಿ ಟೆಸ್ಟ್ 450 ಪಿಎಸ್‌ಐ. ಯಾಕೆ: ತಣ್ಣಗಿದ್ದಾಗಿನ ರೇಟಿಂಗ್ (ತಾಳಬೇಕಾದ ಒತ್ತಡ) 285, ಬಾಡಿಗೆ ಅದರ ಒಂದೂವರೆ ಪಟ್ಟನ್ನು ಮೇಲಿನ 25ಕ್ಕೆ ಏರಿಸಿ ಕೊಡಬೇಕೆಂದು ವಾಲ್ವ್ ಪರೀಕ್ಷೆಯ ಅಮೆರಿಕದ ಮಾನದಂಡ ಎಪಿಐ 598 ಹೇಳುತ್ತದೆ. ಆಮೇಲೆ ಗೇಟ್ ಮುಚ್ಚಿ ಸೀಟ್ ಟೆಸ್ಟ್, ಅದು 1.1 ಪಟ್ಟು, 315ರ ಹತ್ತಿರ. ಹೇಗೆ: ಹ್ಯಾಂಡ್‌ವೀಲನ್ನು ಕೈಯಿಂದಲೇ, ಪೈಪ್ ಹಾಕದೆ. ಯಾಕೆ: ಪೈಪ್ ಹಾಕಿ ಬಿಗಿದರೆ ಸೀಟ್ ಸರಿಯಾಗಿ ಉಜ್ಜಿ ನಯಮಾಡದ (ಕೆಟ್ಟ ಲ್ಯಾಪಿಂಗಿನ) ವಾಲ್ವ್ ಕೂಡ ಇಲ್ಲಿ ಪಾಸಾಗುತ್ತದೆ, ಗಿರಾಕಿಯ ಕಡೆ ಹೋಗಿ ಸೋರುತ್ತದೆ.

ಈ ಮೂರನೇ ಅಂಕಣವೇ ಹೊಸಬನನ್ನು ಹಿಡಿದು ನಿಲ್ಲಿಸುವುದು. ಯಾಕೆಂದು ಗೊತ್ತಿಲ್ಲದವ ಪ್ರತಿ ತಪ್ಪಿಗೂ ಬೈಸಿಕೊಳ್ಳುತ್ತಾನೆ, ಯಾವುದಕ್ಕೆ ಬೈಸಿಕೊಂಡೆ ಎಂಬುದೂ ತಿಳಿಯುವುದಿಲ್ಲ. ಹದಿನೈದು ದಿನ ಹೀಗೆ ಕಳೆದವ ಪಗಾರ ಬಂದ ಮರುದಿನ ಬರುವುದಿಲ್ಲ. ಕಾರಣ ಗೊತ್ತಿದ್ದವನಿಗೆ ‘ನನಗ ಒಂದು ಕೆಲಸಾ ಬರತೈತಿ’ ಎಂಬ ಧೈರ್ಯ ಮೊದಲ ವಾರದಲ್ಲೇ ಬರುತ್ತದೆ.

ಮೂರನೇ ಮೆಟ್ಟಿಲಿನಲ್ಲಿ ಅವನಿಂದ ನಾಲ್ಕು ಸಲ ಮಾಡಿಸಿ: ಮೊದಲು ಸುಮ್ಮನೆ, ಆಮೇಲೆ ಹೆಜ್ಜೆ ಹೇಳುತ್ತ, ಆಮೇಲೆ ಹೇಗೆ ಎಂಬುದನ್ನೂ ಹೇಳುತ್ತ, ಕೊನೆಗೆ ಯಾಕೆ ಎಂಬುದನ್ನೂ ಸೇರಿಸಿ. ‘ತಿಳೀತಿಲ್ಲೊ?’ ಎಂದು ಕೇಳಿದರೆ ‘ಹೂಂರಿ’ ಎನ್ನದ ಹುಡುಗ ಕಲಘಟಗಿಯಿಂದ ಶಿಗ್ಗಾವಿವರೆಗೆ ಒಬ್ಬನೂ ಸಿಗುವುದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನೇ ತರಬೇತಿಯಲ್ಲಿ ನಿಷೇಧಿಸಿ.

ಜನರೊಡನೆ ನಡೆದುಕೊಳ್ಳುವ ವಾರಗಳಲ್ಲಿಯೂ ನಾಲ್ಕೇ ಮೆಟ್ಟಿಲು: ಸಂಗತಿ ತಿಳಿ, ತೂಗಿ ನೋಡು, ಕ್ರಮ ತಗೋ, ಆಮೇಲೆ ಏನಾಯಿತೆಂದು ನೋಡು. ಇದನ್ನು ಭಾಷಣದಿಂದ ಕಲಿಸಲಾಗದು, ಆಡಿಸಬೇಕು. ಒಬ್ಬ ಸೂಪರ್‌ವೈಸರ್ ಆಗಲಿ, ಇನ್ನೊಬ್ಬ ವಾರದಲ್ಲಿ ಮೂರು ದಿನ ತಡವಾಗಿ ಬಂದ ಹೆಲ್ಪರ್ ಆಗಲಿ. ಮೊದಲ ಸಲ ಬಹುತೇಕ ಎಲ್ಲರೂ ಹೀಗೇ ಶುರುಮಾಡುತ್ತಾರೆ: ‘ಏ, ಇದೇನ್ ನಿಮ್ಮಪ್ಪನ ಮನಿ ಅಂತ ತಿಳದಿ ಏನ್? ಬರೂದಿದ್ರ ಟೈಮಿಗೆ ಬಾ, ಇಲ್ಲಂದ್ರ ನಾಳಿಂದ ಬರಬ್ಯಾಡ.’ ಇದರ ಉತ್ತರ ನಿಜಕ್ಕೂ ನಾಳೆ ಬರದೇ ಇರುವುದು. ಪಕ್ಕದ ಗೇಟಿನಲ್ಲೂ ಬೋರ್ಡ್ ಇದೆಯಲ್ಲ.

ಎರಡನೇ ಸಲ ಆಡಿಸುವಾಗ ಮಷೀನಿನಿಂದ ಹತ್ತು ಹೆಜ್ಜೆ ಆಚೆ ಕರೆದುಕೊಂಡು ಹೋಗಲಿ. ‘ತಮ್ಮಾ, ಈ ವಾರ ಮೂರು ದಿನಾ ಇಪ್ಪತ್ತು ಮಿನಿಟ್ ಲೇಟ್ ಆತು. ಏನ್ ತ್ರಾಸ ಆಗೇತಿ?’ ‘ಅಣ್ಣಿಗೇರಿಯಿಂದ ಗಾಡಿ ತಡಾ ಬರಾಕತ್ತೈತ್ರಿ ಸರ, ಮೊದಲಿನ ಬಸ್ಸಿಗೆ ಬರಬೇಕಂದ್ರ ಮನ್ಯಾಗ ಎಮ್ಮಿ ಹಾಲು ಹಿಂಡಾವ್ರಿಲ್ಲ.’ ಈಗ ಸೂಪರ್‌ವೈಸರ್ ಕೈಯಲ್ಲಿ ಒಂದು ಸಂಗತಿ ಇದೆ. ಎರಡನೇ ಪಾಳಿಗೆ ಹಾಕಬಹುದು, ಒಂದು ತಿಂಗಳು ಅರ್ಧ ತಾಸು ತಡವಾಗಿ ಬಂದು ಅರ್ಧ ತಾಸು ತಡವಾಗಿ ಹೋಗಲು ಬಿಡಬಹುದು. ಸುಳ್ಳು ಹೇಳುತ್ತಿದ್ದಾನೆ ಎಂಬ ಅನುಮಾನವಿದ್ದರೆ ಅದೇ ಗಾಡಿಗೆ ಬರುವ ಇನ್ನೊಬ್ಬನನ್ನು ಕೇಳಿದರಾಯಿತು. ಎರಡು ವಾರ ಬಿಟ್ಟು ಹಾಜರಿ ನೋಡುವುದು ನಾಲ್ಕನೇ ಮೆಟ್ಟಿಲು. ಅದನ್ನು ಮರೆಯುವವರೇ ಬಹಳ.

ಮಾತಿನ ಬಗ್ಗೆ ನಮ್ಮ ಕಡೆ ಒಂದು ಗೊಂದಲವಿದೆ. ‘ನೀ’ ಎನ್ನುವುದು ಇಲ್ಲಿ ಬೈಗುಳವಲ್ಲ. ‘ತಮ್ಮಾ, ನೀ ಇದನ್ನ ಹಿಡಿ’ ಎಂದರೆ ಯಾರಿಗೂ ನೋವಾಗುವುದಿಲ್ಲ. ನೋವಾಗುವುದು ಹೆಸರು ಬಿಟ್ಟು ‘ಏ’ ಎಂದು ಕರೆದಾಗ, ಅಪ್ಪ-ಅವ್ವ, ಊರು, ಜಾತಿಯನ್ನು ಎಳೆದಾಗ, ವಯಸ್ಸಿನಲ್ಲಿ ಹಿರಿಯರಿಗೆ ಏಕವಚನ ಬಳಸಿದಾಗ. 25ರ ಡಿಪ್ಲೊಮಾ ಹುಡುಗ 50ರ ಫಿಟ್ಟರಿಗೆ ‘ಕಾಕಾ, ಇದೊಂದು ನೋಡ್ರಿ’ ಎಂದರೆ ಕೆಲಸ ಆಗುತ್ತದೆ. ಹೆಣ್ಣುಮಕ್ಕಳಿಗೆ ‘ಅಕ್ಕಾರ’. ಜಾತಿ ಎತ್ತಿ ಬೈಯುವುದು, ಮೈಮುಟ್ಟುವುದು ಕಾನೂನಿನ ಮಾತು ಎಂಬುದನ್ನು ಆರನೇ ವಾರ ನೇರವಾಗಿ ಹೇಳಿ. 10 ಅಥವಾ ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು ಪ್ರತಿ ಸೂಪರ್‌ವೈಸರ್‌ಗೆ ಬಾಯಿಪಾಠ ಇರಲಿ.

ಹೆಜ್ಜೆ 5: ಹೊಸಬನ 90 ದಿನದ ಚೀಟಿ

ತರಬೇತಿ ಮುಗಿಸಿದ ಸೂಪರ್‌ವೈಸರ್ ಜೇಬಿನಲ್ಲಿ ಪ್ರತಿ ಹೊಸಬನ ಹೆಸರಿನ ಒಂದು ಚೀಟಿ ಇರಬೇಕು. ಮೊದಲ ದಿನ: ಕುಡಿಯುವ ನೀರು, ಶೌಚಾಲಯ, ಊಟದ ಜಾಗ, ಬಟವಡೆಯ ತಾರೀಕು ತೋರಿಸುವುದು, ಊಟಕ್ಕೆ ಒಬ್ಬ ಜೊತೆಗಾರನನ್ನು ಗಂಟುಹಾಕುವುದು. ಮೊದಲ ದಿನ ಒಬ್ಬನೇ ಬುತ್ತಿ ಬಿಚ್ಚಿದವ ಎರಡನೇ ವಾರ ಮುಗಿಸುವುದು ಕಷ್ಟ. ಮೂರನೇ ದಿನ: ಒಂದು ಪೂರ್ತಿ ಕೆಲಸ ಸ್ವತಂತ್ರವಾಗಿ ಮಾಡಿಸುವುದು, ಅದು ಬರೀ ಲೋಹದಂಚಿನ ಚೂಪು (ಬರ್) ತೆಗೆಯುವುದಾದರೂ ಸರಿ. ಏಳನೇ ದಿನ: ಐದು ನಿಮಿಷ ಕೂತು ಮಾತು, ಭರ್ತಿ ಮಾಡುವಾಗ ಹೇಳಿದ್ದಕ್ಕೂ ಇಲ್ಲಿ ಕಂಡದ್ದಕ್ಕೂ ಏನು ವ್ಯತ್ಯಾಸ ಎಂಬ ಒಂದೇ ಪ್ರಶ್ನೆ. ಮೊದಲ ಪಗಾರದ ದಿನ: ಪಗಾರ ಚೀಟಿಯ ಪ್ರತಿ ಸಾಲನ್ನು ಬಿಡಿಸಿ ಹೇಳುವುದು, ಪಿಎಫ್, ಇಎಸ್‌ಐ ಎಷ್ಟು ಕಡಿತ, ಯಾಕೆ ಎಂದು. ‘15 ಅಂದಿದ್ರು, 13 ಬಂತು’ ಎಂಬ ಅನುಮಾನ ಎಷ್ಟೋ ಜನರನ್ನು ಗೇಟಿನಾಚೆ ಕಳಿಸಿದೆ. ನಂತರ 30, 60, 90ನೇ ದಿನ, ಪ್ರತಿ ಸಲ ಹತ್ತು ನಿಮಿಷ: ಏನು ಚೆನ್ನಾಗಿದೆ, ಮುಂದೆ ಯಾವ ಮಷೀನ್.

ಹೆಜ್ಜೆ 6: ಸೂಟಿಯ ಅಧಿಕಾರ ಸೂಪರ್‌ವೈಸರ್ ಕೈಗೆ

ಇಲ್ಲಿ ಮ್ಯಾನೇಜರುಗಳಿಗೂ ತರಬೇತಿ ಬೇಕು, ಬಹುಶಃ ಸೂಪರ್‌ವೈಸರ್‌ಗಿಂತ ಮೊದಲೇ. ಆರು ವಾರ ಕಲಿತು ಬಂದವನಿಗೆ ಮೇಲಿನವರು ‘ಅದೆಲ್ಲಾ ಇರಲಿ, ಇವತ್ತಿನ ಪ್ರೊಡಕ್ಷನ್ ಎಷ್ಟಾತು ಹೇಳು’ ಎಂದರೆ ಅಲ್ಲಿಗೆ ತರಬೇತಿ ಸತ್ತಿತು. ಒಂದು ದಿನದ ಸೂಟಿ, ಒಂದು ತಾಸಿನ ಪರವಾನಗಿ, ಇಬ್ಬರ ನಡುವೆ ಪಾಳಿ ಅದಲುಬದಲು, ಇಷ್ಟನ್ನು ಸೂಪರ್‌ವೈಸರ್ ಯಾರನ್ನೂ ಕೇಳದೆ ಕೊಡುವಂತಿರಬೇಕು. ಕೊಡಲು ಏನೂ ಇಲ್ಲದವನ ಕೈಯಲ್ಲಿ ಉಳಿಯುವುದು ಬಾಯಿ ಮಾತ್ರ, ಅದನ್ನೇ ಜೋರು ಮಾಡುತ್ತಾನೆ.

ಪ್ರತಿ ಲೈನಿನ ಗೋಡೆಗೆ ವರ್ಷದ ಕ್ಯಾಲೆಂಡರ್ ಒಂದು ಹಾಕಿ ಈ ದಿನಗಳನ್ನು ಮೊದಲೇ ಗುರುತು ಮಾಡಿ: ಜೂನ್ ಬಿತ್ತಿಗೆ, ಶ್ರಾವಣದ ನಾಗರ ಪಂಚಮಿ, ಹೆಸರುಕಾಳು ಬಿಡಿಸುವ ಆಗಸ್ಟ್, ಹಾವೇರಿ ಕಡೆಯವರಿಗೆ ಗೋವಿನಜೋಳದ ಅಕ್ಟೋಬರ್-ನವೆಂಬರ್, ಎಳ್ಳಮಾವಾಸ್ಯೆಯ ಚರಗ, ಶಿವರಾತ್ರಿಯ ಸಿದ್ಧಾರೂಢರ ತೇರು, ಮೊಹರಂ, ರಂಜಾನ್, ಅವರವರ ಊರ ಜಾತ್ರೆ. ಪಂಚಮಿಗೆ ತವರಿಗೆ ಹೋಗಬೇಕಾದ ಹೆಣ್ಣುಮಗಳನ್ನು ಯಾವ ಸೂಪರ್‌ವೈಸರೂ ತಡೆಯಲಾರ. ತಡೆದರೆ ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ಆದ್ದರಿಂದ 45 ದಿನ ಮೊದಲು ಯಾರು ಯಾವ ದಿನ ಎಂದು ಲೈನಿನವರನ್ನೇ ಕೂಡಿಸಿ ಬರೆಸಿ. ಎಲ್ಲರಿಗೂ ಒಂದೇ ದಿನ ಬೇಕಾದರೆ ಆ ದಿನ ಲೈನ್ ಮುಚ್ಚಿ, ಬದಲಿಗೆ ಒಂದು ರವಿವಾರ ತೆಗೆಯಿರಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಇನ್ನೊಂದು ಕಾರ್ಖಾನೆಗೆ ಹೋಗಲು ಬಸ್ ಚಾರ್ಜಿನ ಅಡ್ಡಿಯೂ ಉಳಿದಿಲ್ಲ.

ಬ್ಯಾಡಗಿಯಂಥ ಹಂಗಾಮಿ ಕೆಲಸದಲ್ಲಿ ಲೆಕ್ಕ ಬೇರೆ. ಮೆಣಸಿನಕಾಯಿ ತೊಟ್ಟು ಬಿಡಿಸುವವರು ಹಂಗಾಮು ಮುಗಿದ ಮೇಲೆ ಹೋಗುವವರೇ. ಅಲ್ಲಿ ನೋಡಬೇಕಾದ್ದು ಮುಂದಿನ ಜನವರಿಗೆ ಎಷ್ಟು ಜನ ತಿರುಗಿ ಅದೇ ಮುಕಾದಮನ (ಕೂಲಿ ತಂಡದ ಮುಖ್ಯಸ್ಥನ) ಹತ್ತಿರ ಬಂದರು ಎಂಬುದನ್ನು. ಅಲ್ಲಿನ ತರಬೇತಿಯಲ್ಲಿ ಅರ್ಧ ಭಾಗ ತೂಕಕ್ಕೇ ಮೀಸಲಿಡಿ: ಬಿಡಿಸಿದ್ದನ್ನು ಅವರ ಕಣ್ಣೆದುರೇ ತೂಗಿ, ಅವರ ಚೀಟಿಯಲ್ಲೇ ಬರೆದುಕೊಡುವುದು.

ಹೆಜ್ಜೆ 7: ಆಯಿತೋ ಇಲ್ಲವೋ ನೋಡುವುದು

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತೋರಿಸಿದ ನಾಲ್ಕು ಹಂತ ಇಂದಿಗೂ ಸಾಕು: ತರಬೇತಿ ಹಿಡಿಸಿತೇ, ಕಲಿತರೇ, ಲೈನಿನಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದಾರೆಯೇ, ಫಲ ಬಂತೇ. ಮೊದಲನೆಯದರಲ್ಲಿ ಎಲ್ಲರೂ ನೂರಕ್ಕೆ ನೂರು ಕೊಡುತ್ತಾರೆ, ಅದನ್ನು ನಂಬಬೇಡಿ. ಮೂರನೆಯದಕ್ಕೆ ತಿಂಗಳಿಗೊಮ್ಮೆ ಲೈನಿಗೆ ಹೋಗಿ ಇತ್ತೀಚೆಗೆ ಸೇರಿದ ಇಬ್ಬರನ್ನು ಕೇಳಿ: ಈ ಕೆಲಸ ಹೀಗೇ ಯಾಕೆ ಮಾಡುತ್ತೀರಿ? ಕಾರಣ ಹೇಳಿದರೆ ಸೂಪರ್‌ವೈಸರ್ ಕಲಿಸಿದ್ದಾನೆ. ನಾಲ್ಕನೆಯದಕ್ಕೆ ಎಲ್ಲ ಸೂಪರ್‌ವೈಸರ್‌ಗಳಿಗೂ ಒಟ್ಟಿಗೇ ತರಬೇತಿ ಕೊಡದೆ ಅರ್ಧ ಜನಕ್ಕೆ ಈಗ, ಉಳಿದವರಿಗೆ ಆರು ತಿಂಗಳ ನಂತರ ಕೊಡಿ. ಯಾರು ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಒಳ್ಳೆಯವರನ್ನೇ ಆರಿಸಿದರೆ ಹೋಲಿಕೆಗೆ ಬೆಲೆಯಿಲ್ಲ. ಎರಡೂ ಗುಂಪಿನಲ್ಲಿ 90 ದಿನ ದಾಟಿದ ಹೊಸಬರೆಷ್ಟು ಎಂದು ಪಕ್ಕಪಕ್ಕದಲ್ಲಿ ಬರೆಯಿರಿ. ಹೀಗೆ ಮಾಡದಿದ್ದರೆ ಸುಗ್ಗಿ ಮುಗಿದು ಜನ ತಾವಾಗಿ ತಿರುಗಿ ಬಂದದ್ದನ್ನೂ ತರಬೇತಿಯ ಖಾತೆಗೆ ಬರೆದುಕೊಳ್ಳುತ್ತೀರಿ.

ಆ ಅಂಕಿಯನ್ನು ಸೂಪರ್‌ವೈಸರ್ ಬೋನಸ್ಸಿಗೆ ನೇರವಾಗಿ ಗಂಟುಹಾಕುವ ಆಸೆ ಬೇಡ. ಕೂಡಲೇ ಬಿಟ್ಟವರ ಹೆಸರು ತಿಂಗಳುಗಟ್ಟಲೆ ಹಾಜರಿಯಲ್ಲಿ ‘ಸೂಟಿ’ ಎಂದು ಬದುಕಿರುತ್ತದೆ, ಕಳಿಸಲೇಬೇಕಾದ ಕುಡುಕನೂ ಲೈನಿನಲ್ಲೇ ಉಳಿಯುತ್ತಾನೆ.

ವರ್ಷವಾದರೂ ಒಬ್ಬಿಬ್ಬರ ಲೈನ್ ಹಾಗೇ ಸೋರುತ್ತಿರುತ್ತದೆ. ಅವರು ಕೆಟ್ಟವರಾಗಿರಬೇಕೆಂದಿಲ್ಲ, ಮಷೀನಿನ ಜೊತೆ ಚೆನ್ನಾಗಿರುವವರು. ಅವರಿಗೆ ಮಷೀನಿಗೆ ಮರಳುವ ದಾರಿ ಮರ್ಯಾದೆಯಿಂದ ತೆರೆದಿಡಿ: ಪಗಾರ ಒಂದು ರೂಪಾಯಿಯೂ ಇಳಿಯಬಾರದು, ಹುದ್ದೆಯ ಹೆಸರು ‘ಸೀನಿಯರ್ ಟೆಕ್ನಿಷಿಯನ್’ ಆಗಲಿ, ಕಷ್ಟದ ಜಾಬ್ ಅವರ ಹತ್ತಿರವೇ ಹೋಗಲಿ. ಬದಲಾವಣೆಯನ್ನು ತಿಂಗಳ ಒಂದನೇ ತಾರೀಕಿಗೆ ಇಟ್ಟುಕೊಳ್ಳಿ. ಅವರಿಗೆ ಮೊದಲು ಹೇಳಿ, ಲೈನಿಗೆ ಅದೇ ದಿನ ಹೇಳಿ. ಚಹಾದ ಹೊತ್ತಿಗೆ ಗೇಟಿನಾಚೆಯ ಅಂಗಡಿಯಿಂದ ಅವರಿಗೆ ಸುದ್ದಿ ಮುಟ್ಟಬಾರದು.